ಬ್ರೇಕ್ ಡಿಸ್ಕಿನ ತುಕ್ಕು, ಮುನಿರಾಜು ಬಿಚ್ಚದ ಡಬ್ಬ

ಬ್ರೇಕ್ ಡಿಸ್ಕು ತುಕ್ಕು ಹಿಡಿಯುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ಓದುವವರಿಗೂ ಹಗುರ. ಚಕ್ರದ ಜೊತೆ ತಿರುಗುವ ಆ ತಟ್ಟೆ ಎರಕದ ಕಬ್ಬಿಣ. ಪ್ಯಾಡುಗಳು ಎರಡು ಕಡೆಯಿಂದ ಬಂದು ಅದನ್ನು ಹಿಡಿದರೆ ತಾನೇ ಕಾರು ನಿಲ್ಲುವುದು? ಹಾಗಾಗಿ ಆ ಜಾಗಕ್ಕೆ ಬಣ್ಣ ಬಳಿಯುವಂತಿಲ್ಲ, ಎಣ್ಣೆ ಸವರುವಂತಿಲ್ಲ, ಅದು ಬೆತ್ತಲೆಯಾಗಿಯೇ ಇರಬೇಕು. ಬೆತ್ತಲೆ ಕಬ್ಬಿಣಕ್ಕೆ ನೀರು ಬಿದ್ದರೆ ಏನಾಗುತ್ತದೆಂದು ತಿಳಿಯಲು ಐಟಿಐ ಓದಬೇಕಿಲ್ಲ. ದೋಸೆ ಕಾವಲಿ ತೊಳೆದು, ಒರೆಸದೆ ಇಟ್ಟು, ಮಾರನೆಯ ದಿನ ನೋಡಿದರೆ ಸಾಕು.

ನನ್ನ ಹೆಸರು ಆಂಜಿನಪ್ಪ. ಚಿಂತಾಮಣಿಯಲ್ಲಿ ಬಷೀರ್ ಸಾಹೇಬರ ಗ್ಯಾರೇಜಿಗೆ ಮೀಸೆ ಚಿಗುರುವಾಗ ಸೇರಿದೆ, ಮೀಸೆ ಬೆಳ್ಳಗಾದ ಮೇಲೆ ಬಿಟ್ಟೆ. ನಡುವೆ ಯಾವಾಗ ಹೆಡ್ ಮೆಕ್ಯಾನಿಕ್ ಆದೆ ಎಂಬುದೆಲ್ಲ ಇಲ್ಲಿ ಬೇಡ, ಅದರಿಂದ ಯಾರ ಕಾರೂ ನಿಲ್ಲುವುದಿಲ್ಲ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗರಿಗೆ ಕಂಪ್ಯೂಟರ್ ಹಚ್ಚಿ ಗಾಡಿಯ ರೋಗ ಹುಡುಕುವುದು ಗೊತ್ತು. ಸಂತೋಷ. ಆದರೆ ತುಕ್ಕು ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಕಾರು ಎಲ್ಲಿ ಮಲಗುತ್ತದೆ, ಅದನ್ನು ಯಾರು ತೊಳೆಯುತ್ತಾರೆ, ಯಾವ ಹಬ್ಬಕ್ಕೆ ಏನು ಬಳಿಯುತ್ತಾರೆ ಎಂದು ವಿಚಾರಿಸಬೇಕು. ಅದನ್ನು ಸರಿಯಾಗಿ ವಿಚಾರಿಸದೆ ನಮ್ಮ ಗ್ಯಾರೇಜಿನಲ್ಲಿ ಒಬ್ಬ ಮನುಷ್ಯನಿಗೆ ಕಳ್ಳನೆಂಬ ಹೆಸರು ಬರುವುದರಲ್ಲಿತ್ತು. ಅದನ್ನು ಹೇಳಲೆಂದೇ ಕೂತಿದ್ದೇನೆ. ದಾರಿಯಲ್ಲಿ ಒಂದೆರಡು ಬೇರೆ ಕಾರುಗಳೂ ಅಡ್ಡ ಬರುತ್ತವೆ, ಬರಲಿ.

ಆ ಮನುಷ್ಯ ಮುನಿರಾಜು. ನಮ್ಮಲ್ಲಿ ಸ್ಪೇರ್ ಪಾರ್ಟ್ಸ್ ತರುವವನು ಅವನೇ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಬೇಕಾದ್ದನ್ನೆಲ್ಲ ಗೋಣಿಚೀಲದಲ್ಲಿ ಹೊತ್ತು ತಂದು, ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಬೀಗದ ಕೈ ಅವನ ಉಡಿದಾರದಲ್ಲಿ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಡಿಸ್ಕು ತಂದ ದಿನ ಮಾತ್ರ ಅವನದೊಂದು ಪದ್ಧತಿ ಇತ್ತು. ಡಬ್ಬ ಬಿಚ್ಚಿ, ಸುತ್ತಿಗೆಯ ಕಾವನ್ನು ಡಿಸ್ಕಿನ ನಡುವಿನ ತೂತಿನಲ್ಲಿ ತೂರಿಸಿ ಮೇಲೆತ್ತಿ, ಸಣ್ಣ ಸ್ಪಾನರಿನಿಂದ ಅಂಚಿಗೆ ಒಂದು ಏಟು ಬಡಿಯುತ್ತಿದ್ದ. ಎರಕ ಚೆನ್ನಾಗಿದ್ದರೆ ಟಣ್ಣೆಂದು ಸದ್ದು ಬರುತ್ತದೆ, ಬಿರುಕು ಇದ್ದರೆ ಒಡೆದ ಮಡಕೆ ಬಡಿದ ಹಾಗೆ ಮಂಕು ಸದ್ದು. ಟಣ್ಣೆಂದರೆ ಸಾಹೇಬರ ಕಡೆ ಒಮ್ಮೆ ನೋಡಿ, ಡಿಸ್ಕನ್ನು ನನ್ನ ಕೈಗೆ ಕೊಡುತ್ತಿದ್ದ. ಮಂಕಾಗಿದ್ದರೆ ಮಾತಿಲ್ಲದೆ ಡಬ್ಬ ಮುಚ್ಚಿ ಮುಂದಿನ ಬಸ್ಸಿಗೆ ವಾಪಸ್ ಒಯ್ಯುತ್ತಿದ್ದ. ನಕಲಿ ಮಾಲನ್ನು ಅಸಲಿ ಡಬ್ಬದಲ್ಲಿ ತುಂಬಿ ಮಾರುವುದು ಆಗಲೂ ಇತ್ತು, ಈಗಲೂ ಇದೆ.

ಬಷೀರ್ ಸಾಹೇಬರ ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ, ಆಂಧ್ರದ ಕಡೆಯ ಗಿರಾಕಿಗಳ ಜೊತೆ ತೆಲುಗು, ಮೂರರಲ್ಲೂ ಒಂದೇ ಸಲೀಸಾಗಿ ಬೈಯುತ್ತಿದ್ದರು. ಬೈದದ್ದನ್ನು ಸಂಜೆಯ ಹೊತ್ತಿಗೆ ಮರೆಯುತ್ತಿದ್ದರು. ಬೈಸಿಕೊಂಡವರು ಮರೆಯುವುದಿಲ್ಲ ಎಂಬುದು ಅವರಿಗೆ ಬಹಳ ಕಾಲ ಗೊತ್ತಿರಲಿಲ್ಲ.

ಮೊದಲು ತುಕ್ಕಿನಲ್ಲಿ ಎರಡು ಜಾತಿ ಎಂದು ತಿಳಿದುಕೊಳ್ಳಿ. ಮಳೆ ಬಂದ ಮಾರನೆಯ ದಿನವೋ ಕಾರು ತೊಳೆದ ಮಾರನೆಯ ದಿನವೋ ಡಿಸ್ಕಿನ ಮೇಲೆ ಕೆಂಪಗೆ ಪುಡಿ ಕೂತಿರುತ್ತದೆ. ಅದು ರೋಗವಲ್ಲ. ನಾಲ್ಕು ಹೆಜ್ಜೆ ಓಡಿಸಿ ಎರಡು ಸಲ ಬ್ರೇಕ್ ಒತ್ತಿದರೆ ಪ್ಯಾಡುಗಳೇ ಅದನ್ನು ಒರೆಸಿಬಿಡುತ್ತವೆ. ಇನ್ನೊಂದು ಜಾತಿ ಒಳಗೆ ಇಳಿಯುತ್ತದೆ, ಸಿಡುಬಿನ ಕಲೆಯ ಹಾಗೆ ಗುಳಿ ಮಾಡುತ್ತದೆ. ಅದು ಬಂದರೆ ಬ್ರೇಕ್ ಒತ್ತಿದಾಗ ಕರಕರ ಎನ್ನುತ್ತದೆ, ಸ್ಟೇರಿಂಗ್ ಹಿಡಿದ ಕೈ ನಡುಗುತ್ತದೆ. ಲೇತಿಗೆ ಕೊಟ್ಟು ಹೆರೆಸಿದರೂ ಗುಳಿ ಆಳವಾಗಿದ್ದರೆ ಹೋಗುವುದಿಲ್ಲ, ಡಿಸ್ಕನ್ನೇ ಬದಲಾಯಿಸಬೇಕು.

ಈ ವ್ಯತ್ಯಾಸ ಗೊತ್ತಿಲ್ಲದೆ ಶಿಡ್ಲಘಟ್ಟದ ಒಬ್ಬ ಮೇಷ್ಟ್ರು ನಮ್ಮನ್ನು ಗೋಳು ಹುಯ್ದುಕೊಂಡರು. ಹೊಸ ಕಾರು ಕೊಂಡಿದ್ದರು. ಬೆಳಿಗ್ಗೆ ಎದ್ದು ಚಕ್ರದೊಳಗೆ ಇಣುಕಿ, ಡಿಸ್ಕು ಕೆಂಪಾಗಿರುವುದನ್ನು ಕಂಡು, ಗಾಬರಿಯಿಂದ ಚಿಂತಾಮಣಿಗೆ ಓಡಿಸಿಕೊಂಡು ಬರುತ್ತಿದ್ದರು. ಬರುವಷ್ಟರಲ್ಲಿ ಡಿಸ್ಕು ಬೆಳ್ಳಿ ತಟ್ಟೆಯ ಹಾಗೆ ಫಳಫಳ. ತೋರಿಸಲು ತುಕ್ಕೇ ಇಲ್ಲ. ಮತ್ತೊಮ್ಮೆ ಬಂದಾಗಲೂ ಅದೇ. ನಾವು ಮುಸಿಮುಸಿ ನಕ್ಕಿದ್ದು ಅವರಿಗೆ ಕಂಡಿರಬೇಕು. ಕೊನೆಗೊಂದು ದಿನ ಬೆವರು ಒರೆಸಿಕೊಳ್ಳುತ್ತಾ ಇಳಿದು, ಈಗ ನೋಡಿ ಎಂದರು. ಡಿಸ್ಕು ನಿಜಕ್ಕೂ ಕೆಂಪಾಗಿತ್ತು. ಹೇಗೆ ಎಂದು ಕೇಳಿದರೆ, ಶಿಡ್ಲಘಟ್ಟದಿಂದ ಇಲ್ಲಿಯತನಕ ಬ್ರೇಕನ್ನೇ ಮುಟ್ಟಿಲ್ಲವಂತೆ! ಗೇರು ಇಳಿಸಿಕೊಂಡು, ಹ್ಯಾಂಡ್‌ಬ್ರೇಕ್ ಎಳೆದುಕೊಂಡು, ಸಂತೆಯ ದಿನದ ಜನರ ನಡುವೆ ತೂರಿಕೊಂಡು ಬಂದಿದ್ದರು. ಸಾಹೇಬರು ಕೈ ಮುಗಿದು, ಮೇಷ್ಟ್ರೇ, ತುಕ್ಕಿನಿಂದ ಯಾರೂ ಸತ್ತಿಲ್ಲ, ನಿಮ್ಮಿಂದ ಇವತ್ತು ಯಾರಾದರೂ ಸಾಯುತ್ತಿದ್ದರು ಎಂದರು. ಆಮೇಲೆ ಅವರನ್ನೇ ಕೂರಿಸಿಕೊಂಡು ರಸ್ತೆಯ ಕೊನೆಯತನಕ ಹೋಗಿ, ಬ್ರೇಕ್ ಒತ್ತಿಸಿ, ಇಳಿಸಿ, ಕೆಂಪು ಹೋದ ಡಿಸ್ಕು ತೋರಿಸಿದರು.

ಎಣ್ಣೆಯ ಕಥೆ ಇನ್ನೊಂದು. ತುಕ್ಕಿಗೆ ಎಣ್ಣೆ ಮದ್ದು ಎಂದು ನಮ್ಮವರಿಗೆ ಮಚ್ಚು ಕುಡುಗೋಲುಗಳ ಕಾಲದಿಂದ ಗೊತ್ತು. ಗೌರಿಬಿದನೂರಿನ ಒಬ್ಬ ವಕೀಲರ ಡ್ರೈವರ್ ಆಯುಧಪೂಜೆಗೆ ಕಾರನ್ನು ಚೆನ್ನಾಗಿ ತೊಳೆದ. ತೊಳೆದ ನೀರಿಗೆ ಡಿಸ್ಕು ತುಕ್ಕು ಹಿಡಿದೀತೆಂಬ ಕಾಳಜಿಯಿಂದ ಎರಡೂ ಡಿಸ್ಕಿಗೆ ಹರಳೆಣ್ಣೆ ತಿಕ್ಕಿದ. ಅರಿಶಿನ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಪೂಜೆಯಾಯಿತು. ನಿಂಬೆಹಣ್ಣು ಜಜ್ಜಿ ನಿಲ್ಲಬೇಕಾದ ಕಾರು ಮುಂದಿದ್ದ ಬೂದುಗುಂಬಳವನ್ನೂ ಜಜ್ಜಿ, ಕರ್ಪೂರದ ತಟ್ಟೆ ಹಿಡಿದಿದ್ದ ಪೂಜಾರಿ ಪಕ್ಕಕ್ಕೆ ಹಾರುವಂತೆ ಮಾಡಿ, ಎದುರು ಮನೆಯ ಜಗಲಿಗೆ ಗುದ್ದಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಡಿಸ್ಕನ್ನು ಪೆಟ್ರೋಲಿನಲ್ಲಿ ತೊಳೆದೆವು, ಪ್ಯಾಡುಗಳು ಎಣ್ಣೆ ಕುಡಿದಿದ್ದವು, ಎಸೆದೆವು. ಹೊಸ ಡಿಸ್ಕಿನ ಮೇಲೂ ಕಾರ್ಖಾನೆಯವರು ತುಕ್ಕು ಬಾರದಿರಲೆಂದು ತೆಳ್ಳಗೆ ಎಣ್ಣೆ ಸವರಿರುತ್ತಾರೆ. ಕೂರಿಸುವ ಮುಂಚೆ ಅದನ್ನು ಒರೆಸಿ ತೆಗೆಯಿರಿ. ಹುಡುಗರು ಆತುರದಲ್ಲಿ ಮರೆಯುವುದು ಇದನ್ನೇ.

ಈಗ ಕೆಂಚಾರ್ಲಹಳ್ಳಿಯ ಕಾರು.

ಚಂದ್ರಾರೆಡ್ಡಿ ಎಂದು ಅಲ್ಲಿಯ ರೇಷ್ಮೆ ಬೆಳೆಗಾರ. ಹೆಂಡತಿ ರತ್ನಮ್ಮ. ಹಿಪ್ಪುನೇರಳೆ ತೋಟ ನೋಡುವುದು ಗಂಡ, ಹುಳ ನೋಡುವುದು ಹೆಂಡತಿ. ಹುಳಕ್ಕೆಂದು ದೊಡ್ಡದೊಂದು ಮನೆ ಕಟ್ಟಿಸಿ, ಸೊಪ್ಪಿನ ಟ್ರೇಲರು ನೇರವಾಗಿ ಒಳಗೆ ಬರಲೆಂದು ಅಗಲವಾದ ಷಟರ್ ಇಡಿಸಿದ್ದರು. ರೆಡ್ಡಿ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡು ನಮ್ಮಲ್ಲಿಗೆ ತಂದ. ಡಿಸ್ಕುಗಳು ಸವೆದಿದ್ದವು. ಮುನಿರಾಜು ಹೊಸ ಜೊತೆ ತಂದ, ಬಡಿದ, ಟಣ್ಣೆಂದಿತು, ನಾನು ಕೂರಿಸಿದೆ. ಹೊರಡುವಾಗ ಸಾಹೇಬರು ಕಾರಿನ ಬಾನೆಟ್ಟು ಸವರಿ ಬುದ್ಧಿ ಹೇಳಿದರು.

"ರೆಡ್ಡಿ, ಮಳೆ ಬಿಸಿಲಿಗೆ ಬಿಡಬ್ಯಾಡ. ಹೊಸ ಮದುಮಗಳ ಥರ ಒಳಗಿಟ್ಕೋ."

ಮಳೆಗಾಲ ಮುಗಿಯುವ ಮುಂಚೆ ಕಾರು ವಾಪಸ್ ಬಂತು. ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ಚಕ್ರ ಬಿಚ್ಚಿದೆ. ಡಿಸ್ಕಿನ ತುಂಬ ಗುಳಿ. ಹಳೆಯ ಬಾವಿಯಲ್ಲಿ ಬಿದ್ದಿದ್ದ ಕಬ್ಬಿಣದ ಹಾಗಿತ್ತು. ಅಷ್ಟು ಬೇಗ ಅಷ್ಟು ಆಳದ ತುಕ್ಕನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನೀರಿನ ಮೇಲೆ ಅನುಮಾನ ಬಂತು. ನಮ್ಮ ಕಡೆಯ ಬೋರ್‌ವೆಲ್ ನೀರು ಗೊತ್ತಲ್ಲ, ಬಕೆಟ್ಟಿನ ಒಳಗೆ ಬೆಳ್ಳಗೆ ಪೊರೆ ಕಟ್ಟುತ್ತದೆ. ಅದರಲ್ಲಿ ದಿನಾ ಚಕ್ರ ತೊಳೆದು ಹಾಗೇ ನಿಲ್ಲಿಸಿದರೆ ತುಕ್ಕಿಗೆ ಹಬ್ಬ. ನೋಡಿಕೊಂಡು ಬಾ ಎಂದು ಸಾಹೇಬರು ನನ್ನನ್ನು ಕಳಿಸಿದರು.

ನಾನು ಹೋದಾಗ ಕಾರು ಅಂಗಳದ ಬೇವಿನ ಮರದ ಕೆಳಗೆ ನಿಂತಿತ್ತು. ಹುಳದ ಮನೆಯ ಕಡೆ ಎರಡು ಹೆಜ್ಜೆ ಇಟ್ಟೆನೋ ಇಲ್ಲವೋ, ರತ್ನಮ್ಮ ಬಾಗಿಲಲ್ಲೇ ತಡೆದರು. ಹುಳ ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಮೇಯುತ್ತಿವೆ, ಹೊರಗಿನವರ ಕಾಲು ಒಳಗೆ ಬೀಳಬಾರದು ಎಂದರು. ಅದು ಈ ಸೀಮೆಯಲ್ಲಿ ಎಲ್ಲರ ಮನೆಯ ಕಟ್ಟುಪಾಡು, ನೆಂಟರಿಗೂ ಅದೇ. ಮರದ ಕೆಳಗೇ ಕೂತು ಕಾಫಿ ಕುಡಿದೆ. ಕಾರು ದಿನಾ ತೊಳೀತೀರಾ ಎಂದೆ. ಇಲ್ಲ, ಹಬ್ಬಕ್ಕೋ ಮದುವೆಗೋ ಅಷ್ಟೆ ಎಂದ ರೆಡ್ಡಿ. ಎಲ್ಲಿ ನಿಲ್ಲಿಸ್ತೀರಾ ಎಂದೆ. ಇಲ್ಲೇ ಮರದ ಕೆಳಗೆ, ಜಾಗ ಇದ್ದಾಗ ಒಳಗೆ ಎಂದ. ಒಳಗೆ ಎಂದರೆ ಒಳ್ಳೆಯದೇ ತಾನೇ! ತೊಳೆದ ಮೇಲೆ ಸ್ವಲ್ಪ ಓಡಿಸಿ, ಬ್ರೇಕ್ ಒತ್ತಿ, ಡಿಸ್ಕು ಒಣಗಿಸಿ ನಿಲ್ಲಿಸಿ ಎಂದು ಎಲ್ಲರಿಗೂ ಹೇಳುವುದನ್ನೇ ಹೇಳಿ ಬಂದೆ. ಮುನಿರಾಜು ಎರಡನೇ ಜೊತೆ ತಂದ. ಬಡಿದ, ಟಣ್ಣೆಂದಿತು, ಕೂರಿಸಿದೆ.

ಆ ಜೊತೆಯೂ ಹಾಗೇ ಆಯಿತು.

ಈ ಸಲ ರೆಡ್ಡಿ ಗ್ಯಾರೇಜಿಗೆ ಬರುವ ಮುಂಚೆ ಎದುರಿನ ಟೀ ಅಂಗಡಿಗೆ ಹೋದ. ಅಲ್ಲಿ ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರುಗಳು ಕೂತಿರುತ್ತಾರೆ. ಬಷೀರ್ ಗ್ಯಾರೇಜಿನಲ್ಲಿ ಡೂಪ್ಲಿಕೇಟ್ ಹಾಕ್ತಾರೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಟೀ ಅಂಗಡಿಯಲ್ಲಿ ಆಡಿದ ಮಾತು ಸಂಜೆಗೆ ಮುರುಗಮಲ್ಲ ದಾಟಿರುತ್ತದೆ. ಸಾಹೇಬರು ಅಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಒಂದೇ, ಹೆಸರು. ಅವರ ಮುಖ ಕಪ್ಪಿಟ್ಟಿತು. ರೆಡ್ಡಿ ನಿಂತಿದ್ದ, ನಾನು ನಿಂತಿದ್ದೆ, ಕೆಲಸದವರೆಲ್ಲ ನಿಂತಿದ್ದರು. ಸಾಹೇಬರು ಖಾಲಿ ಡಬ್ಬವನ್ನು ಮೇಜಿನ ಮೇಲಿಟ್ಟು ಮುನಿರಾಜುವನ್ನು ಕರೆದರು.

"ಡಬ್ಬ ಅಸಲಿ. ಒಳಗಿನ ಮಾಲು ಯಾರ್ದಪ್ಪ?"

ಮುನಿರಾಜು ಡಬ್ಬವನ್ನು ನೋಡಿದ, ಅವರನ್ನು ನೋಡಿದ. ಉಡಿದಾರದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟ. ಬಾಯಿ ಬಿಟ್ಟು ಎರಡು ಮಾತು ಹೇಳಿದ್ದರೆ ಒಳ್ಳೆಯದಿತ್ತು. ಮಾತಾಡದವನನ್ನು ಕಂಡರೆ ಜನಕ್ಕೆ ಅನುಮಾನ ಜಾಸ್ತಿ.

ಮೂರನೇ ಜೊತೆಗೆ ಸಾಹೇಬರು ತಾವೇ ಬೆಂಗಳೂರಿಗೆ ಹೋದರು. ತಂದ ಡಬ್ಬವನ್ನು ತಾವೇ ಬಿಚ್ಚಿ ನೇರವಾಗಿ ನನ್ನ ಕೈಗೆ ಕೊಟ್ಟರು. ಬಡಿದು ನೋಡುವುದು ಅವರಿಗೆ ನೆನಪಾಗಲಿಲ್ಲ. ಮುನಿರಾಜು ಬಾಗಿಲ ಬಳಿ ನಿಂತು ನೋಡುತ್ತಿದ್ದ. ಕೊನೆಯ ನಟ್ಟು ಬಿಗಿಯಾದ ಮೇಲೆ ಹತ್ತಿರ ಬಂದ.

"ಇದಕ್ಕೂ ತುಕ್ಕು ಹಿಡಿಯೋವರ್ಗೂ ಇರ್ತೀನಿ ಸಾಬ್ರೇ. ಆಮೇಲೆ ಹೋಗ್ತೀನಿ."

ಸಾಹೇಬರು ಕೇಳಿಸದವರ ಹಾಗೆ ಒಳಗೆ ಹೋದರು. ಆ ದಿನದಿಂದ ಗ್ಯಾರೇಜು ಗ್ಯಾರೇಜಿನಂತಿರಲಿಲ್ಲ. ಮಧ್ಯಾಹ್ನ ನಾವು ಮೂವರೂ ಒಂದೇ ಕಡೆ ಡಬ್ಬಿ ಬಿಚ್ಚುತ್ತಿದ್ದವರು. ಸಾಹೇಬರ ಮನೆಯ ರೊಟ್ಟಿ, ಮುನಿರಾಜು ಮನೆಯ ಅವರೆಕಾಳು ಸಾರು, ನಮ್ಮ ಮನೆಯ ಉಪ್ಪಿನಕಾಯಿ, ಎಲ್ಲ ಸೇರಿಸಿಕೊಂಡು ತಿನ್ನುತ್ತಿದ್ದೆವು. ಈಗ ಮುನಿರಾಜು ಹಳೆಯ ಟೈರುಗಳ ಹಿಂದೆ ಒಬ್ಬನೇ ಕೂತು ಉಣ್ಣುತ್ತಿದ್ದ. ಸಾಹೇಬರು ಒಂದೆರಡು ದಿನ ಆ ಕಡೆ ನೋಡಿದರು, ಆಮೇಲೆ ಊಟಕ್ಕೆ ಮನೆಗೇ ಹೋಗತೊಡಗಿದರು. ನನಗಂತೂ ಸಂಕಟವಾಗುತ್ತಿತ್ತು. ಮುನಿರಾಜು ಒಳ್ಳೆಯವನೋ ಅಲ್ಲವೋ ಎಂದು ನಾನು ಯೋಚಿಸಿದವನೇ ಅಲ್ಲ. ಎರಡು ಜೊತೆ ಡಿಸ್ಕೂ ಟಣ್ಣೆಂದದ್ದನ್ನು ನನ್ನ ಕಿವಿಯಲ್ಲಿ ಕೇಳಿದ್ದೆ, ಅಷ್ಟೆ. ನಕಲಿ ಮಾಲು ಹಾಗೆ ಹಾಡುವುದಿಲ್ಲ.

ಟ್ಯಾಕ್ಸಿ ಸ್ಟ್ಯಾಂಡಿನವರು ಬ್ರೇಕ್ ಕೆಲಸಕ್ಕೆ ನಮ್ಮಲ್ಲಿಗೆ ಬರುವುದು ನಿಲ್ಲಿಸಿದರು. ಬೇರೆ ಕೆಲಸಕ್ಕೆ ಬಂದವರೂ ಮುನಿರಾಜು ಎದುರಿಗಿದ್ದರೆ ಸ್ಪೇರ್ ನಾವೇ ತರ್ತೀವಿ ಎನ್ನುತ್ತಿದ್ದರು. ಅವನಿಗೆ ಮದುವೆಗೆ ಬಂದ ಮಗಳಿದ್ದಳು. ಗಂಡಿನ ಕಡೆಯವರು ಊರಲ್ಲಿ ವಿಚಾರಿಸುವಾಗ ಮೊದಲು ವಿಚಾರಿಸುವುದು ಟೀ ಅಂಗಡಿಯಲ್ಲೇ.

ಒಂದು ಮಧ್ಯಾಹ್ನ ಸಾಹೇಬರಿಗೂ ಹೇಳದೆ ಕೆಂಚಾರ್ಲಹಳ್ಳಿಯ ಬಸ್ಸು ಹತ್ತಿದೆ. ಮೂರನೇ ಜೊತೆ ಹೇಗಿದೆ ನೋಡೋಣ, ಇನ್ನೂ ಚೆನ್ನಾಗಿದ್ದರೆ ಕೆಡದಂತೆ ಏನಾದರೂ ಮಾಡೋಣ ಎಂಬುದು ಲೆಕ್ಕ. ಬಸ್ಸಿನಲ್ಲಿ ಕೂತ ಮೇಲೆ ಇನ್ನೊಂದು ಹೊಳೆಯಿತು. ಸಾಹೇಬರು ತಂದ ಡಿಸ್ಕು ಚೆನ್ನಾಗಿದ್ದರೆ ಮುನಿರಾಜು ತಂದದ್ದೇ ನಕಲಿ, ಅವನು ಕಳ್ಳ. ತುಕ್ಕು ಹಿಡಿದಿದ್ದರೆ ಅವನು ಕೆಲಸ ಬಿಡುತ್ತಾನೆ. ಜೀವಮಾನವೆಲ್ಲ ತುಕ್ಕು ಬಾರದಿರಲಿ ಎಂದು ದುಡಿದವನು ಆ ದಿನ ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಕಿಟಕಿಯಾಚೆ ನೋಡಿಕೊಂಡು ಹೋದೆ.

ಬೇವಿನ ಮರದ ಕೆಳಗೆ ಕಾರು ಇರಲಿಲ್ಲ. ಅಂಗಳದಲ್ಲಿ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಖಾಲಿ ಮಾಡಿ ಬಿಸಿಲಿಗೆ ಒರಗಿಸಿದ್ದರು, ಅಂದರೆ ಬೆಳೆ ಮುಗಿದಿತ್ತು. ರತ್ನಮ್ಮ ಈ ಸಲ ಬಾಗಿಲಲ್ಲಿ ತಡೆಯಲಿಲ್ಲ, ನಗುತ್ತಾ ಕರೆದರು.

"ಬಾರಣ್ಣ, ಈಗ ಒಳಗೆ ಬರ್ಬೋದು. ಗೂಡೆಲ್ಲ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಯ್ತು. ಕಾರು ಒಳಗೇ ಐತೆ ನೋಡು."

ಹುಳದ ಮನೆಯ ಷಟರ್ ಮೇಲೆತ್ತಿದರು. ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ನೆಲವೆಲ್ಲ ಬೆಳ್ಳಗೆ, ಗೋಡೆ ಇನ್ನೂ ಹಸಿ. ಕಿಟಕಿಗಳೆಲ್ಲ ಮುಚ್ಚಿದ್ದವು. ಅದರ ನಡುವೆ ಕಾರು, ಮೇಲೊಂದು ಹಳೆಯ ಸೀರೆ ಹೊದ್ದುಕೊಂಡು, ಸಾಹೇಬರು ಹೇಳಿದ ಮದುಮಗಳ ಹಾಗೆಯೇ ಕೂತಿತ್ತು. ಇದೇನಮ್ಮ ಘಾಟು ಎಂದು ಕೆಮ್ಮುತ್ತಾ ಕೇಳಿದೆ. ಇನ್ನೇನಣ್ಣ, ಸುಣ್ಣ, ಬ್ಲೀಚಿಂಗ್ ಪೌಡರು ಎಂದರು. ಪ್ರತಿ ಬೆಳೆ ಎದ್ದ ಮೇಲೂ ಅದನ್ನು ನೀರಿಗೆ ಕಲಸಿ ಮೂಲೆ ಮೂಲೆಗೂ ಹೊಡೆದು ಮನೆ ಮುಚ್ಚಬೇಕು, ಇಲ್ಲದಿದ್ದರೆ ಮುಂದಿನ ಹುಳಕ್ಕೆ ರೋಗ ಬರುತ್ತದೆ. ಮನೆ ಹೇಗೂ ಖಾಲಿ, ನೆರಳೂ ಇದೆ, ಮುಂದಿನ ಹುಳ ಬರುವತನಕ ಕಾರು ಇಲ್ಲೇ ಇರಲಿ ಎಂದು ಪ್ರತಿ ಸಲವೂ ನಿಲ್ಲಿಸುತ್ತಿದ್ದರು.

ಸುತ್ತ ನೋಡಿದೆ. ಕಿಟಕಿಯ ಸರಳುಗಳು ಕೆಂಪು. ಷಟರಿನ ಕೆಳಗಿನ ಅಂಚು ತುಕ್ಕಿಗೆ ತಿಂದುಹೋಗಿತ್ತು. ಹುಳದ ತಟ್ಟೆ ಜೋಡಿಸುವ ಕಬ್ಬಿಣದ ಸ್ಟ್ಯಾಂಡಿಗೆ ವರ್ಷ ವರ್ಷವೂ ಬಣ್ಣ ಬಳಿಯುತ್ತೇವೆ, ಆದರೂ ನಿಲ್ಲಲ್ಲ ಎಂದು ರತ್ನಮ್ಮನೇ ಹೇಳಿದರು. ಬ್ಲೀಚಿಂಗ್ ಪೌಡರಿನ ಆವಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆಂದು ಆ ಮನೆಯವರು ದಿನಾ ನೋಡುತ್ತಿದ್ದರು. ಆದರೆ ಅವರ ಕಣ್ಣಿಗೆ ಅದು ಮನೆ ಶುದ್ಧ ಮಾಡುವ ವಸ್ತು. ಶುದ್ಧವಾದ ಜಾಗದಲ್ಲಿ ನಿಂತ ಕಾರು ಕೆಡುತ್ತದೆಂದು ಯಾರಿಗೆ ಹೊಳೆಯುತ್ತದೆ? ನನಗೂ ಹೊಳೆದಿರಲಿಲ್ಲ. ಹುಳ ಇದ್ದಾಗ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ, ಕಾರು ಹೊರಗಿರುತ್ತಿತ್ತು. ಹುಳ ಇಲ್ಲದಾಗ ನಾನು ಹೋಗಿರಲಿಲ್ಲ. ನೆಲಕ್ಕೆ ಕೂತು ಚಕ್ರದೊಳಗೆ ಬೆರಳು ಹಾಕಿದೆ. ತುಕ್ಕು ಹಕ್ಕಳೆ ಹಕ್ಕಳೆಯಾಗಿ ಕೈಗೆ ಬಂತು. ಆ ತುಕ್ಕನ್ನು ಕಂಡು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ರೆಡ್ಡಿಯನ್ನು ಕರೆದುಕೊಂಡು ಅದೇ ಕಾರಿನಲ್ಲಿ ಗ್ಯಾರೇಜಿಗೆ ಬಂದೆ. ಸಾಹೇಬರ ಎದುರಿಗೇ ಚಕ್ರ ಬಿಚ್ಚಿದೆ. ಅವರು ತಮ್ಮ ಕೈಯಾರೆ ತಂದ ಡಿಸ್ಕನ್ನು ಕೂತು ನೋಡಿದರು. ಹುಳದ ಮನೆಯ ಸಂಗತಿ ಹೇಳಿದೆ. ಯಾವನಯ್ಯ ಕಾರನ್ನು ಅಲ್ಲಿ ನಿಲ್ಲಿಸು ಅಂದೋನು ಎಂದು ಅವರು ರೆಡ್ಡಿಯ ಮೇಲೆ ಎಗರಿದರು. ರೆಡ್ಡಿ ಕಕ್ಕಾಬಿಕ್ಕಿಯಾದ.

"ನೀವೇ ಅಲ್ವಾ ಸಾಬ್ರೇ? ಮದುಮಗಳ ಥರ ಒಳಗಿಟ್ಕೋ ಅಂದ್ರಿ. ನಮಗೆ ಅದು ಬಿಟ್ರೆ ಬೇರೆ ಒಳಗೆ ಎಲ್ಲೈತೆ?"

ಸಾಹೇಬರು ಎದ್ದರು. ನೇರವಾಗಿ ರಸ್ತೆ ದಾಟಿ ಟೀ ಅಂಗಡಿಗೆ ಹೋಗಿ, ಡ್ರೈವರುಗಳ ಮುಂದೆ ನಿಂತು, ಮಾಲು ಅಸಲಿಯೇ ಇತ್ತು, ಮುನಿರಾಜು ಮೇಲೆ ಮಾತು ಆಡಿದ್ದು ನನ್ನ ತಪ್ಪು, ಇನ್ನು ಯಾರೂ ಆಡಕೂಡದು ಎಂದರು. ಅಷ್ಟು ಜನರ ಮುಂದೆ ಹೇಳಿದ ಮನುಷ್ಯ ರಸ್ತೆ ದಾಟಿ ವಾಪಸ್ ಬಂದು ಮುನಿರಾಜುವಿನ ಮುಖ ನೋಡಲಾರದೆ ಹೋದರು. ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, ಅವನಿಗೆ ಕೊಡು ಎಂದರು. ಎದುರಿಗೇ ಇದ್ದನಲ್ಲ, ನೀವೇ ಕೊಡಬಾರದೇ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಮುನಿರಾಜು ಬೀಗದ ಕೈ ತೆಗೆದುಕೊಂಡ. ಹೋಗ್ತೀನಿ ಅಂದಿದ್ದೆಯಲ್ಲ ಎಂದು ಆಮೇಲೆ ನಾನೇ ಕೇಳಿದೆ. ಆಂಜಿನಪ್ಪ, ಈಗ ಹೋದರೆ ಕದ್ದೋನೇ ಹೋದ ಅಂತಾರೆ ಎಂದ. ಮಾರನೆಯ ವಾರ ಎಂದಿನಂತೆ ಬಸ್ಸಿಗೆ ಹೋಗಿ ನಾಲ್ಕನೇ ಜೊತೆ ತಂದ. ಗೋಣಿಚೀಲದಿಂದ ಡಬ್ಬ ತೆಗೆದು, ಬಿಚ್ಚದೆ, ಸಾಹೇಬರ ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದು ನಿಂತ. ಸಾಹೇಬರು ಅವನು ಬಿಚ್ಚಲೆಂದು ಕಾದರು. ಅವನು ಕೈ ಕಟ್ಟಿಕೊಂಡು ನಿಂತೇ ಇದ್ದ.

"ನೀವೇ ಬಿಚ್ಚಿ ಸಾಬ್ರೇ. ಒಳಗಿರೋದು ನೀವೇ ನೋಡ್ಬೇಕು."

ದನಿಯಲ್ಲಿ ಸಿಟ್ಟಿರಲಿಲ್ಲ. ಸಾಹೇಬರು ಟೇಪು ಕಿತ್ತರು, ಡಿಸ್ಕು ತೆಗೆದು ನೋಡಿದರು, ಸರಿ ಇದೆ ಎಂದರು. ಆಗಷ್ಟೇ ಅವನು ಅದನ್ನು ನನ್ನ ಹತ್ತಿರ ತಂದ.

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಡಿಸ್ಕು ಇರಲಿ, ಪ್ಯಾಡು ಇರಲಿ, ಒಂದು ಬಲ್ಬು ಇರಲಿ, ಮುನಿರಾಜು ಯಾವ ಡಬ್ಬವನ್ನೂ ಬಿಚ್ಚಲಿಲ್ಲ. ಮೇಜಿನ ಮೇಲಿಡುವುದು, ಸರಿದು ನಿಲ್ಲುವುದು. ಸಾಹೇಬರು ಊಟದಲ್ಲಿದ್ದರೂ ನಮಾಜಿಗೆ ಹೋಗಿದ್ದರೂ ಕಾಯುವುದು. ಅವರು ಒಂದೆರಡು ಸಲ ರೇಗಿದರು, ಇನ್ನು ಸಾಕು ಬಿಡಪ್ಪ ಎಂದೂ ಅಂದರು. ಅವನು ತಲೆಯಾಡಿಸಿ, ಮುಂದಿನ ಡಬ್ಬವನ್ನೂ ಹಾಗೇ ತಂದಿಡುತ್ತಿದ್ದ. ಗಿರಾಕಿಗಳಿಗೆ ಒಳಗಿನ ಕಥೆ ಏನು ಗೊತ್ತು? ಬಷೀರ್ ಗ್ಯಾರೇಜಿನಲ್ಲಿ ಮಾಲೀಕರೇ ಕೈಯಾರೆ ಡಬ್ಬ ಬಿಚ್ಚಿ ತೋರಿಸ್ತಾರೆ ಎಂದು ಊರೆಲ್ಲ ಹೊಗಳಿತು. ಟ್ಯಾಕ್ಸಿಯವರು ವಾಪಸ್ ಬಂದರು. ಮಧ್ಯಾಹ್ನದ ಊಟಕ್ಕೂ ಮತ್ತೆ ಮೂವರು ಸೇರಿದೆವು, ಅವರೆಕಾಳು ಸಾರು ಬಂತು. ಮುನಿರಾಜುವಿನ ಮಗಳ ಮದುವೆಯಲ್ಲಿ ಸಾಹೇಬರು ಬೀಗರ ಪಕ್ಕದಲ್ಲೇ ಕೂತರು. ಆದರೆ ಸ್ಪಾನರಿನ ಟಣ್ಣೆಂಬ ಸದ್ದು ಮಾತ್ರ ನಮ್ಮ ಗ್ಯಾರೇಜಿನಲ್ಲಿ ಮತ್ತೆ ಕೇಳಲಿಲ್ಲ. ನಾನು ಬಡಿಯಬಹುದಿತ್ತು. ಅದು ನನ್ನ ಕೆಲಸ ಎನಿಸಲಿಲ್ಲ.

ಚಂದ್ರಾರೆಡ್ಡಿ ಮರದ ಪಕ್ಕದಲ್ಲೇ ನಾಲ್ಕು ಕಲ್ಲುಕಂಬ ನೆಟ್ಟು ಶೀಟು ಹೊದಿಸಿ ಕಾರಿಗೆ ಬೇರೆ ಮನೆ ಮಾಡಿದ. ಗಾಳಿ ಆಡುವ ಜಾಗ, ಅಷ್ಟೇ ಬೇಕಾದ್ದು. ಆಮೇಲೆ ಆ ಡಿಸ್ಕುಗಳು ಸವೆದವೇ ಹೊರತು ತುಕ್ಕಿಗೆ ಹೋಗಲಿಲ್ಲ. ಈಗ ನಡುವಿನ ಭಾಗಕ್ಕೂ ಅಂಚಿಗೂ ಬೂದು ಬಣ್ಣದ ಲೇಪ ಕೊಟ್ಟ ಡಿಸ್ಕುಗಳು ಬಂದಿವೆ, ಒಳ್ಳೆಯವು, ಸಿಕ್ಕರೆ ಅದನ್ನೇ ಹಾಕಿ. ಕಾರನ್ನು ಬಹಳ ದಿನ ನಿಲ್ಲಿಸಿ ಹೋಗುವವರಿಗೆ ವಾರಕ್ಕೊಮ್ಮೆ ಯಾರಿಂದಲಾದರೂ ಓಡಿಸಿ ಎನ್ನಿ. ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ ಎನ್ನಿ. ಒದ್ದೆ ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ ಎನ್ನಿ. ಒಳಗೆ ನಿಲ್ಲಿಸುತ್ತೇವೆ ಎಂದರೆ ಯಾವ ಒಳಗೆ ಎಂದು ಕೇಳಿ, ಕೇಳಿ ಸುಮ್ಮನಾಗದೆ ಹೋಗಿ ನೋಡಿ.

ನಾನು ಕೆಲಸ ಬಿಡುವ ವರ್ಷಕ್ಕೆ ಸಾಹೇಬರಿಗೆ ಕೈ ನಡುಕ ಬಂದಿತ್ತು. ಟೀ ಲೋಟ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಕೆಲಸವೇನೂ ಮಾಡದಿದ್ದರೂ ದಿನಾ ಬಂದು ಮೇಜಿನ ಹಿಂದೆ ಕೂರುವುದು ಬಿಟ್ಟಿರಲಿಲ್ಲ. ಒಂದು ದಿನ ಮುನಿರಾಜು ಡಿಸ್ಕಿನ ಡಬ್ಬ ತಂದು ಎಂದಿನಂತೆ ಇಟ್ಟು ಸರಿದು ನಿಂತ. ಸಾಹೇಬರು ಟೇಪಿನ ತುದಿ ಹಿಡಿಯಲು ಹೋದರು. ಉಗುರಿಗೆ ಸಿಗಲಿಲ್ಲ. ಮತ್ತೆ ಹಿಡಿದರು, ಬೆರಳು ಜಾರಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಹೋಗಬಾರದೆಂದು ಎಲ್ಲರಿಗೂ ಗೊತ್ತಿತ್ತು. ಮೂರನೇ ಸಲ ಡಬ್ಬವೇ ಮೇಜಿನ ಅಂಚಿನತನಕ ಸರಿಯಿತು. ಅವರು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಲೆ ಎತ್ತಲಿಲ್ಲ.

ಮುನಿರಾಜು ಕಟ್ಟಿದ್ದ ಕೈ ಬಿಚ್ಚಿದ. ನನ್ನ ಜೇಬಿನ ಚಾಕು ತೆಗೆದುಕೊಂಡು ಟೇಪು ಸೀಳಿದ. ಡಿಸ್ಕು ತೆಗೆದು, ಗೋಡೆಗೆ ಒರಗಿದ್ದ ಸುತ್ತಿಗೆಯ ಕಾವನ್ನು ತೂತಿನಲ್ಲಿ ತೂರಿಸಿ ಮೇಲೆತ್ತಿದ. ಅವನಿಗೂ ವಯಸ್ಸಾಗಿತ್ತು, ತೋಳು ಸ್ವಲ್ಪ ಬಳುಕಿತು. ಸ್ಪಾನರಿನಿಂದ ಒಂದು ಏಟು ಬಡಿದ. ಟಣ್ಣೆಂದಿತು. ಗ್ಯಾರೇಜಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ಕೇಳಿದರು. ಸದ್ದು ಪೂರ್ತಿ ಅಡಗುವತನಕ ಸಾಹೇಬರು ಕಣ್ಣು ಮುಚ್ಚಿಕೊಂಡಿದ್ದರು.

"ಇನ್ನೊಂದ್ಸಲ ಬಡಿಯಪ್ಪ" ಎಂದರು.

ಮುನಿರಾಜು ಬಡಿದ.